‘ಘಟಶ್ರಾದ್ಧ’: ಒಬ್ಬ ಹುಡುಗನ ಕಣ್ಣು, ಒಂದು ಚಿತ್ರದ ಪಯಣ

ಕನ್ನಡದ ಮೊಟ್ಟಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತೆಂಬುದನ್ನು ಬಹಳ ಜನ ಬಲ್ಲರು. ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಿಯೂ ಅಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಎಂಬುದನ್ನು ಬಲ್ಲವರು ಕಡಿಮೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಮಾತುಗಳನ್ನು ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬಾ ಮೊದಲಾದವರು ಅಲ್ಲಿಗೆ ಬಂದು ಆಡಿದರು. ಕನ್ನಡ ತೆರೆಯ ತೊದಲ್ನುಡಿ ಹೀಗೆ ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ನಮ್ಮವರು ಅಂಬಾಬಾಯಿಯ ದರ್ಶನಕ್ಕೆ, ದವಾಖಾನೆಗೆ, ಬಟ್ಟೆಬರೆಯ ಖರೀದಿಗೆ ಹೋಗಿಬರುವ ಊರಿನಲ್ಲಿ ಕೇಳಿಬಂದಿತು. ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆ ಕನ್ನಡ ಚಿತ್ರದ ಇತಿಹಾಸಕ್ಕೆ ಹೊರಗಿನದೆಂದು ಯಾರೂ ತಿಳಿಯಬೇಕಾಗಿಲ್ಲ.

ಕೊಲ್ಹಾಪುರದ ಮಾತು ಬಂದುದಕ್ಕೆ ಇನ್ನೂ ಒಂದು ಎಳೆ ಉಂಟು. 1929ರಲ್ಲಿ ಅಲ್ಲಿ ಹುಟ್ಟಿದ ಪ್ರಭಾತ ಕಂಪನಿ 1933ರಲ್ಲಿ ಪುಣೆಗೆ ಹೋಗಿ ನೆಲೆಸಿತು. ಅದರ ‘ಸಂತ ತುಕಾರಾಮ’ (1936) ಮರುವರ್ಷವೇ ಇಟಲಿಯ ವೆನಿಸ್ ಉತ್ಸವದಲ್ಲಿ ಮನ್ನಣೆ ಪಡೆಯಿತು. ಕಾಲ ಬದಲಾಯಿತು, ಕಂಪನಿ ಮುಚ್ಚಿತು. ಅದೇ ಆವರಣದಲ್ಲಿ 1960ರಲ್ಲಿ ಭಾರತ ಸರಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಆ ಸಂಸ್ಥೆಯಲ್ಲಿ ಓದಿ 1975ರಲ್ಲಿ ಹೊರಬಂದವರಲ್ಲಿ ತೀರ್ಥಹಳ್ಳಿ ತಾಲೂಕಿನ ಕೆಸಲೂರಿನ ತರುಣನೊಬ್ಬನಿದ್ದ. ಮಣಿಪಾಲದಲ್ಲಿ ಔಷಧಶಾಸ್ತ್ರ ಕಲಿತು, ಗುಳಿಗೆ ಕಷಾಯಗಳ ಲೋಕವನ್ನು ಬಿಟ್ಟು, ಚಿತ್ರವಿದ್ಯೆಗೆ ಬಂದವನು. ಆತನೇ ಗಿರೀಶ ಕಾಸರವಳ್ಳಿ. ಎರಡೇ ವರ್ಷಗಳಲ್ಲಿ, 1977ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನ ಹೊತ್ತಿಗೆ, ಅವರು ಮಾಡಿದ ಮೊದಲ ಕಥಾಚಿತ್ರವೇ ‘ಘಟಶ್ರಾದ್ಧ’. ಅದು ಹೇಗೆ ಹುಟ್ಟಿತು, ಹೇಗೆ ಜನರೆದುರಿಗೆ ಬಂದಿತು, ಬಂದ ಮೇಲೆ ಏನಾಯಿತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಹೆಸರಿನ ವಿಚಾರ. ನಮ್ಮ ಕಡೆ ಲಿಂಗಾಯತ, ಜೈನ, ಮರಾಠಾ, ಕುರುಬ ಮನೆತನಗಳೇ ಹೆಚ್ಚು. ‘ಘಟಶ್ರಾದ್ಧ’ ಎಂಬ ಮಾತು ಕಿವಿಗೆ ಬೀಳುವುದೇ ಅಪರೂಪ. ಘಟವೆಂದರೆ ಕೊಡ. ಜೀವಂತವಾಗಿರುವ ಮನುಷ್ಯನನ್ನು ಸತ್ತವನೆಂದು ಎಣಿಸಿ ಅವನ ಶ್ರಾದ್ಧವನ್ನು ಮುಗಿಸಿ ಕುಲದಿಂದ ಹೊರಗೆ ಹಾಕುವ ಕರ್ಮಕ್ಕೆ ಈ ಹೆಸರು. ಇದರ ಮೂಲ ಮನುಸ್ಮೃತಿಯ 11ನೆಯ ಅಧ್ಯಾಯದಲ್ಲಿ ಸಿಕ್ಕುತ್ತದೆ. ಪತಿತನಾದವನ ಬಂಧುಗಳು ಅಶುಭ ದಿನದ ಸಂಜೆ ಊರ ಹೊರಗೆ, ಗುರುಗಳ ಮತ್ತು ಋತ್ವಿಜರ ಸಮಕ್ಷಮದಲ್ಲಿ, ಸತ್ತವನಿಗೆ ಕೊಡುವಂತೆ ಅವನಿಗೆ ನೀರು ಕೊಡಬೇಕು; ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು; ಬಂಧುಗಳು ಒಂದು ಹಗಲು ಒಂದು ರಾತ್ರಿ ಸೂತಕ ಹಿಡಿಯಬೇಕು. ಮುಂದೆ ಅವನೊಡನೆ ಮಾತಿಲ್ಲ, ಊಟವಿಲ್ಲ, ಆಸ್ತಿಯಲ್ಲಿ ಪಾಲಿಲ್ಲ.

ಇಷ್ಟನ್ನು ಹೇಳಿ ಪುಸ್ತಕ ಮುಚ್ಚುವವರೇ ಹೆಚ್ಚು. ಅದೇ ಅಧ್ಯಾಯದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಪ್ರಾಯಶ್ಚಿತ್ತ ಮಾಡಿಕೊಂಡವನೊಡನೆ ಬಂಧುಗಳು ಪುಣ್ಯಜಲದಲ್ಲಿ ಮಿಂದು ಹೊಸ ಕೊಡವೊಂದನ್ನು ನೀರಿಗೆ ಬಿಟ್ಟು ಅವನನ್ನು ಮರಳಿ ಕೂಡಿಸಿಕೊಳ್ಳಬೇಕು ಎಂಬುದು ಒಂದು. ಪತಿತಳಾದ ಹೆಂಗಸಿಗೂ ಇದೇ ವಿಧಿ, ಆದರೆ ಅವಳಿಗೆ ಅನ್ನ, ನೀರು, ಬಟ್ಟೆಗಳನ್ನು ಕೊಡಬೇಕು, ಮನೆಯ ಹತ್ತಿರವೇ ಇರಗೊಡಬೇಕು ಎಂಬುದು ಇನ್ನೊಂದು. ಸ್ಮೃತಿಯನ್ನು ಕೊಂಡಾಡಲು ಈ ಮಾತು ಹೇಳುತ್ತಿಲ್ಲ. ಅದರ ಕಠೋರತೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಷ್ಟು ಕಠೋರವಾದ ಗ್ರಂಥವೂ ಉಳಿಸಿದ್ದ ಒಂದು ಸಣ್ಣ ಕಿಂಡಿಯನ್ನು ಅದನ್ನು ಬಾಯಿಪಾಠ ಮಾಡಿದವರೇ ಮುಚ್ಚಿಬಿಟ್ಟರಲ್ಲ, ಆ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರವನ್ನು ನೋಡಿದರೆ ಅದರ ತಿವಿತ ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಕಥೆ ಯು. ಆರ್. ಅನಂತಮೂರ್ತಿಯವರದು, 1963ರಲ್ಲಿ ಪ್ರಕಟವಾದ ‘ಪ್ರಶ್ನೆ’ ಎಂಬ ಸಂಕಲನದಲ್ಲಿದೆ. ಮಲೆನಾಡಿನ ಒಂದು ಅಗ್ರಹಾರ. ಅಲ್ಲಿ ಉಡುಪರೆಂಬ ವೈದಿಕರು ನಡೆಸುವ ವೇದಪಾಠಶಾಲೆ. ನಾಣಿ ಎಂಬ ಎಳೆಯ ಹುಡುಗನನ್ನು ತಂದೆ ಅಲ್ಲಿಗೆ ತಂದು ಬಿಡುತ್ತಾನೆ. ಉಡುಪರ ಮಗಳು ಯಮುನೆ ಎಳೆವಯಸ್ಸಿನ ವಿಧವೆ. ದೊಡ್ಡ ಹುಡುಗರು ಈ ಚಿಕ್ಕವನನ್ನು ಗೋಳುಹೊಯ್ದುಕೊಳ್ಳುವಾಗ ಅವನಿಗೆ ಆಸರೆಯಾಗುವವಳು ಅವಳೊಬ್ಬಳೇ. ಉಡುಪರು ಪಾಠಶಾಲೆಗೆ ಹಣ ಕೂಡಿಸಲು ಊರು ಬಿಟ್ಟು ಹೋಗಿದ್ದಾರೆ. ಇತ್ತ ಯಮುನೆ ಶಾಲೆಯ ಮಾಸ್ತರನೊಬ್ಬನಿಂದ ಬಸುರಾಗಿದ್ದಾಳೆ. ಸುದ್ದಿ ಹಬ್ಬುತ್ತದೆ. ಅವಳು ಹುತ್ತದಲ್ಲಿ ಕೈಯಿಟ್ಟು ಪ್ರಾಣ ಕಳೆದುಕೊಳ್ಳಲು ನೋಡುತ್ತಾಳೆ. ಕತ್ತಲಲ್ಲಿ ಗರ್ಭ ತೆಗೆಸಿಕೊಳ್ಳುತ್ತಾಳೆ. ತಂದೆ ಹಿಂದಿರುಗಿ ಬಂದು, ತನ್ನ ಕೈಯಿಂದಲೇ, ಮಗಳ ಘಟಶ್ರಾದ್ಧ ಮಾಡುತ್ತಾನೆ. ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿ ಕುಳಿತ ಯಮುನೆಯನ್ನು ನೋಡುತ್ತ ನಾಣಿ ತಂದೆಯ ಕೈ ಹಿಡಿದು ಊರಿಗೆ ಮರಳುತ್ತಾನೆ. ಅದೇ ಉಡುಪರು ಈ ಮುಪ್ಪಿನಲ್ಲಿ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲಿರುವ ಸುದ್ದಿಯೂ ಅಲ್ಲಿಯೇ ಬರುತ್ತದೆ.

ಈ ಕೊನೆಯ ಸಂಗತಿ ನಮ್ಮ ಸೀಮೆಯವರಿಗೆ ಅಪರಿಚಿತವಲ್ಲ. ಸಾಂಗಲಿಯ ಹತ್ತಿರದ ಹರಿಪುರದ ಗೋವಿಂದ ಬಲ್ಲಾಳ ದೇವಲರು ಮುದುಕನೊಬ್ಬ ಎಳೆಯ ಹುಡುಗಿಯನ್ನು ಮದುವೆಯಾಗಹೊರಡುವುದನ್ನೇ ವಸ್ತುವಾಗಿಟ್ಟುಕೊಂಡು ‘ಸಂಗೀತ ಶಾರದಾ’ ನಾಟಕ ಬರೆದರು. ಅದು ರಂಗಕ್ಕೆ ಬಂದದ್ದು 1899ರಲ್ಲಿ. (ಮುಂದೆ 1929ರಲ್ಲಿ ಬಾಲ್ಯವಿವಾಹ ತಡೆಯಲು ಬಂದ ‘ಸಾರಡಾ ಕಾಯದೆ’ಗೆ ಈ ನಾಟಕದಿಂದಲೇ ಹೆಸರು ಬಂತೆಂದು ತಿಳಿದವರುಂಟು, ಅದು ಹರಬಿಲಾಸ ಸಾರಡಾ ಎಂಬವರ ಹೆಸರು.) ಅದೇ 1899ರಲ್ಲಿ ಮಂಗಳೂರು ಕಡೆಯ ಗುಲ್ವಾಡಿ ವೆಂಕಟರಾಯರು ವಿಧವಾ ವಿವಾಹವನ್ನು ಎತ್ತಿಹಿಡಿದು ‘ಇಂದಿರಾಬಾಯಿ’ ಎಂಬ ಕನ್ನಡ ಕಾದಂಬರಿಯನ್ನು ಪ್ರಕಟಿಸಿದರು. ಒಂದೇ ವರ್ಷ, ಎರಡು ಭಾಷೆ, ಎರಡು ಊರು, ನೋವು ಒಂದೇ. ಆ ಇಬ್ಬರೂ ತಮ್ಮ ನಾಯಿಕೆಯರಿಗೆ ಬಿಡುಗಡೆಯ ದಾರಿ ತೋರಿಸಿದರು. ಅನಂತಮೂರ್ತಿಯವರು ಯಮುನೆಗೆ ದಾರಿ ತೋರಿಸಲಿಲ್ಲ. ಬದಲಿಗೆ ಒಬ್ಬ ಹುಡುಗನನ್ನು ಕರೆತಂದು ನಿಲ್ಲಿಸಿ, ‘ನೋಡು’ ಎಂದರು.

ಚಿತ್ರದ ನಿಜವಾದ ವಸ್ತು ಈ ನೋಡುವುದೇ ಎಂದು ನನ್ನ ಎಣಿಕೆ. ‘ಘಟಶ್ರಾದ್ಧ’ವನ್ನು ವಿಧವೆಯ ಕಥೆ ಎಂದು ಕರೆಯುವುದು ರೂಢಿ. ತಪ್ಪಲ್ಲ; ಆದರೆ ಅದು ಅರ್ಧ ಮಾತು. ಇದು ಬಾಲ್ಯ ಕಳಚುವ ಕಥೆ. ಪಾಠಶಾಲೆಗೆ ಬರುವ ದಿನ ನಾಣಿಗೆ ಗೊತ್ತಿರುವುದು ಮನೆಯ ನೆನಪು, ದೊಡ್ಡ ಹುಡುಗರ ಹೆದರಿಕೆ, ಯಮುನೆಯ ಸೆರಗು. ಹೊರಡುವ ದಿನ ಅವನಿಗೆ ಗೊತ್ತಿರುವುದು ಮತ್ತೊಂದು. ಅವನಿಗೆ ಕಲಿಸಲೆಂದು ಉಡುಪರು ಇಟ್ಟುಕೊಂಡ ಪಾಠ ಮಂತ್ರದ್ದು. ಅವನು ಕಲಿತದ್ದು ಊರಿನ ಪಾಠ. ಶಾಲೆಯಲ್ಲಿ ಮೂವತ್ತು ವರ್ಷ ಕಳೆದ ನನ್ನಂಥವರಿಗೆ ಇದು ಸುಲಭವಾಗಿ ಒಪ್ಪಿಕೊಳ್ಳುವ ಸಂಗತಿಯಲ್ಲ, ಆದರೆ ಮಕ್ಕಳು ಕಲಿಯುವುದರಲ್ಲಿ ಹೆಚ್ಚಿನ ಪಾಲು ಕರಿಹಲಗೆಯ ಮೇಲೆ ಇರುವುದಿಲ್ಲ. ಚಿತ್ರದಲ್ಲಿ ಶಾಸ್ತ್ರಿ ಎಂಬ ದೊಡ್ಡ ವಿದ್ಯಾರ್ಥಿ ಇದ್ದಾನೆ. ಅವನು ನಾಣಿಗಿಂತ ಕೆಲವೇ ವರ್ಷ ಹಿರಿಯ. ಅವನೂ ಒಮ್ಮೆ ನಾಣಿಯಂತೆಯೇ ಬಂದಿರಬೇಕು. ಅಲ್ಲಿಯ ನಡೆ ಅವನಿಗೆ ಹಿಡಿಸಿತು, ತಾನೂ ಅದರ ಕಾವಲುಗಾರನಾದ. ಅದೇ ಜಗಲಿಯಲ್ಲಿ ಕೂತು ಅದೇ ಮಂತ್ರ ಕಲಿತ ಇಬ್ಬರು ಬೇರೆಬೇರೆ ಮನುಷ್ಯರಾಗುವುದು ಹೇಗೆ ಎಂಬುದನ್ನು ಕಾಸರವಳ್ಳಿಯವರು ಮಾತಿನಲ್ಲಿ ವಿವರಿಸುವುದಿಲ್ಲ. ಇಬ್ಬರ ಮುಖವನ್ನೂ ತೋರಿಸಿ ಸುಮ್ಮನಾಗುತ್ತಾರೆ.

ಹುಡುಗನ ಕಣ್ಣಿನಿಂದ ಲೋಕ ನೋಡುವ ಚಿತ್ರಗಳು ಆ ಮೊದಲು ಇರಲಿಲ್ಲವೆಂದಲ್ಲ. ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ 1955ರದು. ಫ್ರಾನ್ಸಿನ ತ್ರೂಫೋ ಎಂಬಾತ 1959ರಲ್ಲಿ ಮಾಡಿದ ‘ನಾನೂರು ಹೊಡೆತಗಳು’ ಎಂಬ ಚಿತ್ರದಲ್ಲಿ ಹುಡುಗನೊಬ್ಬ ಸುಧಾರಣಾ ಶಾಲೆಯಿಂದ ತಪ್ಪಿಸಿಕೊಂಡು ಸಮುದ್ರದ ತಡಿಯವರೆಗೂ ಓಡಿ, ಅಲ್ಲಿಂದ ಮುಂದೆ ಹೋಗಲು ನೆಲವಿಲ್ಲದೆ ನಮ್ಮತ್ತ ತಿರುಗಿ ನಿಲ್ಲುತ್ತಾನೆ. ಕನ್ನಡದಲ್ಲೇ 1973ರ ‘ಕಾಡು’ ಇತ್ತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ ಕಾರ್ನಾಡರ ನಿರ್ದೇಶನ, ಕಿಟ್ಟಿ ಎಂಬ ಹುಡುಗ. ನಾಣಿ ಇವರ ಸಾಲಿನವನೇ. ಆದರೆ ತ್ರೂಫೋನ ಹುಡುಗ ಓಡಿದ. ನಾಣಿಗೆ ಓಡುವ ಸ್ವಾತಂತ್ರ್ಯವಿಲ್ಲ. ಅವನನ್ನು ತಂದೆ ಕರೆದುಕೊಂಡು ಹೋಗುತ್ತಾನೆ. ತನಗೆ ಆಸರೆಯಾದವಳಿಗೆ ತಾನು ಆಸರೆಯಾಗಲಾರದೆ ಹೋಗುತ್ತಿದ್ದೇನೆಂಬ ಅರಿವು ಆ ಎಳೆಯ ಮುಖದಲ್ಲಿ ಮೂಡುತ್ತದೆ. ಆ ಪಾತ್ರ ಮಾಡಿದ ಅಜಿತ್ ಕುಮಾರನಿಗೆ ಅತ್ಯುತ್ತಮ ಬಾಲನಟನೆಂದು ರಾಷ್ಟ್ರಪ್ರಶಸ್ತಿ ಬಂತು. ಯಮುನೆಯಾಗಿ ಮೀನಾ ಕುಟ್ಟಪ್ಪ ಅಭಿನಯಿಸಿದರು.

ಚಿತ್ರ ಕಪ್ಪು ಬಿಳುಪಿನದು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಸಂಗೀತ ಬಿ. ವಿ. ಕಾರಂತರದು. ರೇಡಿಯೋ ಕೇಳಿ ಪಳಗಿದ ಕಿವಿಗಳು ಈ ಚಿತ್ರದ ಧ್ವನಿಯನ್ನು ವಿಶೇಷವಾಗಿ ಗಮನಿಸಬೇಕು. ಹಾಡಿಲ್ಲ, ಕುಣಿತದ ತಾಳಮೇಳವಿಲ್ಲ. ಮಂತ್ರಘೋಷ ಇದೆ, ಮೌನ ಇದೆ. ಗರ್ಭಪಾತದ ರಾತ್ರಿಯ ಸನ್ನಿವೇಶದಲ್ಲಿ ದೂರದ ಕೇರಿಯ ಬೆಂಕಿಯ ಬೆಳಕಿನ ಕುಣಿತ, ಡೋಲಿನ ಬಡಿತ ಬಂದು ಸೇರುತ್ತವೆ. ಕಣ್ಣಿಗೆ ತೋರಿಸದ ನೋವನ್ನು ಆ ಬಡಿತ ಎದೆಗೆ ತಟ್ಟಿಸುತ್ತದೆ. ಗುಬ್ಬಿ ಕಂಪನಿಯ ಬಾಲನಟನಾಗಿ ರಂಗಕ್ಕೆ ಬಂದ ಕಾರಂತರಿಗೆ ಯಾವಾಗ ವಾದ್ಯ ನುಡಿಸಬಾರದು ಎಂಬುದು ಚೆನ್ನಾಗಿ ಗೊತ್ತಿತ್ತು. ಆ ವರ್ಷದ ಅತ್ಯುತ್ತಮ ಸಂಗೀತದ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು. ಕಾಸರವಳ್ಳಿಯವರು ಅದಕ್ಕೂ ಮುಂಚೆ ಕಾರಂತರ ‘ಚೋಮನ ದುಡಿ’ (1975)ಯಲ್ಲಿ ಸಹಾಯಕರಾಗಿ ದುಡಿದಿದ್ದರು. ಗುರುವಿನಂಥ ಹಿರಿಯನೇ ಶಿಷ್ಯನ ಚಿತ್ರಕ್ಕೆ ಸಂಗೀತ ಕೊಟ್ಟಂತಾಯಿತು.

ಹಣ ಹಾಕಿದವರು ಸದಾನಂದ ಸುವರ್ಣ. ಮುಲ್ಕಿಯ ಕಡೆಯವರು, ಮುಂಬಯಿಯಲ್ಲಿದ್ದು ಕನ್ನಡ ನಾಟಕಗಳನ್ನು ಆಡಿಸಿ ಕೈ ಸುಟ್ಟುಕೊಳ್ಳಲು ಹಿಂಜರಿಯದವರು. ಸ್ಟುಡಿಯೋದ ಬೆಂಬಲವಿಲ್ಲ, ಹೆಸರಾಂತ ನಟನಿಲ್ಲ, ಹಾಡಿಲ್ಲ, ಬಣ್ಣವಿಲ್ಲ. ಮೊದಲ ಚಿತ್ರ ಮಾಡುವ ತರುಣನ ಕೈಗೆ ಇಂಥ ಕಥೆಯನ್ನು ಕೊಟ್ಟು ಹಣ ಹೂಡುವುದೆಂದರೆ ವ್ಯಾಪಾರದ ಭಾಷೆಯಲ್ಲಿ ಹುಚ್ಚೇ ಸರಿ. ಸ್ವತಂತ್ರ ಚಿತ್ರ ಎಂದು ಇಂದು ಹೇಳುವುದು ಇಂಥದನ್ನೇ. ಆಗ ಜನ ‘ಹೊಸ ಅಲೆ’ ಎಂದರು, ಬೇಸರವಾದಾಗ ‘ಪ್ರಶಸ್ತಿ ಚಿತ್ರ’ ಎಂದರು.

ಪ್ರಶಸ್ತಿ ನಿಜವಾಗಿಯೂ ಬಂತು. 1977ನೆಯ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ದೊರೆಯಿತು. ಕನ್ನಡಕ್ಕೆ ಅದು ಆ ದಶಕದಲ್ಲೇ ಮೂರನೆಯದು. 1970ರ ‘ಸಂಸ್ಕಾರ’ ಮೊದಲನೆಯದು, ‘ಚೋಮನ ದುಡಿ’ ಎರಡನೆಯದು. ರಾಜ್ಯ ಸರಕಾರವೂ ಆ ಸಾಲಿನ ಮೊದಲ ಅತ್ಯುತ್ತಮ ಚಿತ್ರವೆಂದು ಗೌರವಿಸಿತು. ಜರ್ಮನಿಯ ಮಾನ್‌ಹೈಮ್ ಉತ್ಸವದಲ್ಲೂ ಅದಕ್ಕೆ ಮನ್ನಣೆ ಸಿಕ್ಕಿತು. ಕಾಸರವಳ್ಳಿಯವರು ಮುಂದೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಗಳಿಗೂ ಸ್ವರ್ಣಕಮಲ ಪಡೆದರು.

ಮನ್ನಣೆಯ ಜೊತೆಗೆ ಆಕ್ಷೇಪಗಳೂ ಬಂದವು. ‘ಸಂಸ್ಕಾರ’ದ ಕಾಲದಿಂದಲೂ ಕೇಳಿಬರುತ್ತಿದ್ದ ಮಾತು ಒಂದು: ಹೊಸ ಚಿತ್ರದವರಿಗೆ ಬ್ರಾಹ್ಮಣರ ಅಗ್ರಹಾರ ಬಿಟ್ಟು ಬೇರೆ ಕನ್ನಡನಾಡೇ ಕಾಣುವುದಿಲ್ಲವೆ? ಒಂದು ಪಂಗಡದವರು ತಮ್ಮನ್ನು ಹೀಗಳೆಯಲಾಗಿದೆಯೆಂದು ಮುನಿಸಿಕೊಂಡರೆ, ಇನ್ನೊಂದು ಪಂಗಡದವರು ಅವರ ಮನೆಯ ಕಥೆ ನಮಗೇಕೆ ಎಂದರು. ಎರಡನೆಯ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಜೋಳದ ಹೊಲ, ಕಬ್ಬಿನ ಗದ್ದೆ, ತಂಬಾಕಿನ ವಖಾರಿಗಳ ನಡುವೆ ಬೆಳೆದವನಿಗೆ ಆ ಅಡಕೆ ತೋಟದ ಮಳೆಗಾಲ ಬೇರೊಂದು ದೇಶದಂತೆ ಕಾಣುವುದು ಸಹಜ. ಆದರೆ ‘ಅವರ ಮನೆ’ ಎಂದು ಬೆರಳು ತೋರಿಸುವಾಗ ನಮ್ಮ ಮನೆಯ ಬಾಗಿಲು ಎಷ್ಟು ಅಗಲವಾಗಿ ತೆರೆದಿದೆ ಎಂದೂ ನೋಡಿಕೊಳ್ಳಬೇಕಲ್ಲವೆ? ಕೊಡ ಉರುಳಿಸುವ ಶಾಸ್ತ್ರ ನಮ್ಮಲ್ಲಿ ಇಲ್ಲದಿರಬಹುದು. ಮಗಳ ಹೆಸರೆತ್ತಬೇಡಿರೆಂದು ಮನೆಯವರೇ ಅಪ್ಪಣೆ ಕೊಟ್ಟ ಉದಾಹರಣೆಗಳು ಯಾವ ಓಣಿಯಲ್ಲಿ ಇಲ್ಲ?

ಈ ವಾದವೆಲ್ಲ ನಡೆದದ್ದು ಚಿತ್ರ ನೋಡಿದವರಲ್ಲಿ. ನೋಡಲು ಸಿಕ್ಕುವುದೇ ಇಂಥ ಚಿತ್ರಗಳ ದೊಡ್ಡ ತೊಡಕಾಗಿತ್ತು. ದೊಡ್ಡ ಊರಿನ ಒಂದು ಥೇಟರಿನಲ್ಲಿ ಬೆಳಗಿನ ಆಟ, ಅದೂ ಕೆಲವೇ ದಿನ. ಇದು ಹೊಸ ಅಲೆಯ ಚಿತ್ರಗಳ ಸಾಮಾನ್ಯ ಯೋಗ. ನಮ್ಮ ಊರುಗಳಿಗೆ ಇನ್ನೂ ಒಂದು ತೊಡಕಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿತು. ಆದರೆ ಸಿನಿಮಾ ವ್ಯಾಪಾರದ ನಕ್ಷೆ ಬದಲಾಗಲಿಲ್ಲ. ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ವಲಯದ ಭಾಗವಾಗಿಯೇ ಉಳಿದವು. ವಿಧಾನಸಭೆಗೆ ಬೆಂಗಳೂರು, ಸಿನಿಮಾಕ್ಕೆ ಮುಂಬಯಿ! ಜೊತೆಗೆ ಚಿಕ್ಕೋಡಿ ನಿಪ್ಪಾಣಿಯವರ ಮುಖ ಕೊಲ್ಹಾಪುರದ ಕಡೆಗೆ, ಅಥಣಿ ಕಾಗವಾಡದವರ ಮುಖ ಮಿರಜ ಸಾಂಗಲಿಯ ಕಡೆಗೆ. ತೆರೆಯ ಮೇಲೆ ಹಿಂದಿ ಇತ್ತು, ಮರಾಠಿ ಇತ್ತು, ರಾಜಕುಮಾರರ ಕನ್ನಡ ಚಿತ್ರಗಳು ಬಂದಾಗ ಜನ ಮುಗಿಬಿದ್ದು ನೋಡಿದರು. ಚಿಂಚಲಿ ಮಾಯಕ್ಕನ ಜಾತ್ರೆಯಂಥ ಜಾತ್ರೆಗಳಿಗೆ ನಾಟಕ ಕಂಪನಿಗಳು ಬಂದವು. ಇವೆಲ್ಲದರ ನಡುವೆ ಹಾಡಿಲ್ಲದ ಕಪ್ಪು ಬಿಳುಪಿನ ಚಿತ್ರವೊಂದಕ್ಕೆ ಜಾಗ ಹುಡುಕುವವರು ಯಾರು?

ಹುಡುಕಿದವರು ಬೇರೆ ಕಡೆ ಇದ್ದರು. ರಾಯರಂಥವರು ಮುಂದೆ ನಿಂತು 1959ರಲ್ಲಿ ಚಿತ್ರಸಮಾಜಗಳ ಒಕ್ಕೂಟ ಕಟ್ಟಿದ್ದರು. ಬೆಂಗಳೂರಿನ ‘ಸುಚಿತ್ರಾ’ 1971ರಲ್ಲಿ ಹುಟ್ಟಿತು. ಸಾಗರ ತಾಲೂಕಿನ ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಮಾಡಿ, ಜಗತ್ತಿನ ದೊಡ್ಡ ಚಿತ್ರಗಳನ್ನು ಅಡಕೆ ಸುಲಿಯುವ ಜನರಿಗೆ ತೋರಿಸಿತು. ಹಳ್ಳಿಯವರಿಗೆ ಇಂಥದು ತಿಳಿಯುವುದಿಲ್ಲವೆಂಬ ಮಾತು ಪೇಟೆಯವರ ಸೋಮಾರಿತನವಷ್ಟೇ ಎಂಬುದು ಅಲ್ಲಿ ಸಿದ್ಧವಾಯಿತು. ನಮ್ಮ ಕಡೆ ಇಂಥ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದ್ದು ದೂರದರ್ಶನ. ಎಂಬತ್ತರ ದಶಕದ ನಡುವಿನಿಂದ ರವಿವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ಅದು ತೋರಿಸತೊಡಗಿತು. ಓಣಿಗೊಂದೇ ಟೀವಿ ಇದ್ದ ಕಾಲ. ಊಟ ಮುಗಿಸಿ ಬಂದವರಲ್ಲಿ ಅರ್ಧ ಜನ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದರೆಂಬುದೂ ಸುಳ್ಳಲ್ಲ.

ಇದೇ ‘ಘಟಶ್ರಾದ್ಧ’ ಕಥೆಯನ್ನು ಅರುಣ ಕೌಲರು 1991ರಲ್ಲಿ ‘ದೀಕ್ಷಾ’ ಎಂದು ಹಿಂದಿಯಲ್ಲಿ ಮಾಡಿದರು. ಅದರಲ್ಲಿ ನಾನಾ ಪಾಟೇಕರ ಇದ್ದರು, ಅದಕ್ಕೂ ಅತ್ಯುತ್ತಮ ಹಿಂದಿ ಚಿತ್ರದ ಪ್ರಶಸ್ತಿ ಬಂತು. ಎರಡನ್ನೂ ನೋಡಿದವರಿಗೆ ಕನ್ನಡದ ಮೌನದ ಬೆಲೆ ತಿಳಿಯುತ್ತದೆ ಎಂಬಷ್ಟನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಥೇಟರನ್ನು ನೆಚ್ಚದೆ ಜನರನ್ನು ಮುಟ್ಟುವ ಮತ್ತೊಂದು ದಾರಿ ನಮ್ಮ ನಿಪ್ಪಾಣಿಯಲ್ಲೇ ತೆರೆದದ್ದನ್ನು ಈ ಸಂದರ್ಭದಲ್ಲಿ ಹೇಳದಿದ್ದರೆ ಅಪಚಾರವಾದೀತು. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್, ನವರೋಜ್ ಕಂಟ್ರಾಕ್ಟರ್ ಸೇರಿ ‘ಯುಗಾಂತರ’ ಎಂಬ ಚಿತ್ರತಂಡ ಕಟ್ಟಿದರು. ತಂಬಾಕಿನ ಕಾರಖಾನೆಗಳಲ್ಲಿ ದುಡಿಯುವ ಹೆಂಗಸರು ಸಂಘ ಕಟ್ಟಿಕೊಂಡ ಸುದ್ದಿ ಕೇಳಿ ಅವರು ನಿಪ್ಪಾಣಿಗೆ ಬಂದು, ನಾಲ್ಕು ತಿಂಗಳು ಆ ಹೆಂಗಸರೊಡನೆ ಕಳೆದು, 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅರ್ಧ ತಾಸಿಗೂ ಕಡಿಮೆಯದು. ನಟಿಯರಿಲ್ಲ; ಕೆಲಸಗಾರ್ತಿಯರೇ ತಮ್ಮ ಸಭೆ, ತಮ್ಮ ಜಗಳ, ತಮ್ಮ ನಿರ್ಧಾರಗಳನ್ನು ಮತ್ತೆ ಆಡಿ ತೋರಿಸಿದರು. ಅದರ ಬಿಡುಗಡೆ ಎಂದರೆ ತಿಕೀಟಿನ ಆಟವಲ್ಲ; ಬೇರೆ ಊರಿನ ದುಡಿಯುವ ಹೆಂಗಸರ ಕೂಟಗಳಲ್ಲ್ಲಿ ತೋರಿಸುವುದು. ಬಹಳ ವರ್ಷ ಕಳೆದ ಮೇಲೆ ಬರ್ಲಿನ್ನಿನ ಆರ್ಸೆನಲ್ ಎಂಬ ಚಿತ್ರಸಂಸ್ಥೆ ಆ ತಂಡದ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದು ಉಳಿಸಿತು. ಯಮುನೆಯನ್ನು ಕಂಡವನು ಒಬ್ಬ ಹುಡುಗ, ಅವಳು ಬಾಯಿ ತೆರೆಯಲಿಲ್ಲ. ಐದು ವರ್ಷಗಳ ನಂತರದ ಈ ಚಿತ್ರದಲ್ಲಿ ಹೆಂಗಸರು ತಾವೇ ಮಾತಾಡಿದರು.

ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕಿನ ಒಂದು ವಾಚನಾಲಯದಲ್ಲಿ ನಾವು ಕೆಲವರು ಸೇರಿ, ಗೋಡೆಗೆ ಬಿಳಿಯ ಧೋತರ ಕಟ್ಟಿ, ‘ಘಟಶ್ರಾದ್ಧ’ವನ್ನು ತೋರಿಸಿದೆವು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ ಎನ್ನುವ ಮನೆತನದವರೇ ಬಹಳ. ಮಲೆನಾಡಿನ ಮಾತು ಅವರಿಗೆ ಪೂರಾ ಹಿಡಿತಕ್ಕೆ ಬರಲಿಲ್ಲ. ಚಿತ್ರ ಮಾತ್ರ ಬಂತು. ಮುಗಿದ ಮೇಲೆ ಬಹಳ ಹೊತ್ತು ಯಾರೂ ಏಳಲಿಲ್ಲ. ನಾನು ಮಾತೃಭಾಷೆ, ಮನುಸ್ಮೃತಿ, ಹೊಸ ಅಲೆ ಎಂದು ನಾಲ್ಕು ಮಾತು ಹೇಳಲು ಸಿದ್ಧನಾಗಿದ್ದೆ. ಅಷ್ಟರಲ್ಲಿ ತಂಬಾಕಿನ ಕೆಲಸದಲ್ಲಿ ಜೀವ ಸವೆಸಿದ ಒಬ್ಬ ಮುದುಕಿ ಹಿಂದಿನಿಂದ ಕೇಳಿದಳು: “ಮಾಸ್ತರ್ರ, ಆ ಸಾಲಿ ಮಾಸ್ತರ ಎಲ್ಲಿ ಹೋದಾರಿ? ಅಂವಗ ಯಾರೂ ಏನೂ ಅನ್ನಲಿಲ್ಲಲ್ಲಾ?”

ಪಂಡಿತರ ವಿಮರ್ಶೆಗಳನ್ನು ಬಹಳ ಓದಿದ್ದೇನೆ. ಇಷ್ಟು ನೇರವಾದ ಪ್ರಶ್ನೆಯನ್ನು ಕಂಡದ್ದು ಕಡಿಮೆ. ಹೌದು, ಘಟಶ್ರಾದ್ಧವಾದದ್ದು ಯಮುನೆಯೊಬ್ಬಳಿಗೆ. ಅವನ ಹೆಸರಿನಲ್ಲಿ ಕೊಡ ಉರುಳಲಿಲ್ಲ. ಅದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆ ಬಿಟ್ಟು ನೋಡುವವರ ಬಾಯಿಯಿಂದಲೇ ಕೇಳಿಸುತ್ತದೆ. ಅಂದು ನನ್ನ ಭಾಷಣ ನಡೆಯಲಿಲ್ಲ. ಹೆಂಗಸರು ತಮ್ಮತಮ್ಮಲ್ಲೇ ಮಾತಿಗೆ ಕುಳಿತರು. ಗಂಡಸರು ಚಪ್ಪಲಿ ಹುಡುಕುವ ನೆವದಿಂದ ಹೊರಗೆ ಬಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಧೋತರ ಬಿಚ್ಚಿ ಮಡಿಸಲು ನನಗೆ ಕೈಗೂಡಿಸಿದ. ಒಂದು ಮಾತೂ ಆಡಲಿಲ್ಲ. ಸಾಮಾನ್ಯವಾಗಿ ಅವನು ಸುಮ್ಮನಿರುವ ಪೈಕಿ ಅಲ್ಲ.

ಚಿತ್ರವೊಂದು ಜನರ ನೆನಪಿನಲ್ಲಿ ಉಳಿದರೂ ಫಿಲ್ಮಿನ ಸುರುಳಿ ಉಳಿಯಬೇಕೆಂಬ ನಿಯಮವಿಲ್ಲ. ಸೆಕೆ, ತೇವ, ಬೂಸರು, ಅಲಕ್ಷ್ಯ ಇವು ಅದರ ವೈರಿಗಳು. ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೇ ಇಂದು ಎಲ್ಲಿಯೂ ಇಲ್ಲ, ಕೊಲ್ಹಾಪುರದಲ್ಲಿ ಮೂಡಿದ ಆ ಕನ್ನಡ ಧ್ವನಿಯನ್ನು ನಾವು ಇನ್ನು ಕೇಳಲಾರೆವು. ‘ಘಟಶ್ರಾದ್ಧ’ದ ಪುಣ್ಯ ದೊಡ್ಡದು. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಿತ್ರ ಸಂಗ್ರಹಾಲಯದಲ್ಲಿ ಅದರ ಮೂಲ ನೆಗೆಟಿವ್ ಉಳಿದಿತ್ತು. ಶಿವೇಂದ್ರ ಸಿಂಗ್ ಡೂಂಗರ್‌ಪುರ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ನು, ಅಮೆರಿಕೆಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನೊಡನೆ ಸೇರಿ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿತು. ಇಟಲಿಯ ಬೊಲೋನ್ಯಾ ನಗರದ ಕಾರ್ಯಾಗಾರದಲ್ಲಿ ಗೀರುಗಳನ್ನು ಅಳಿಸಿ, ಧ್ವನಿಯನ್ನು ತೊಳೆದು, ಕಪ್ಪು ಬಿಳುಪಿನ ಹದವನ್ನು ಮೊದಲಿನಂತೆ ತಂದರು.

ಹೀಗೆ ಸಿದ್ಧವಾದ ಪ್ರತಿ 2024ರ ವೆನಿಸ್ ಉತ್ಸವದ ಪ್ರಾಚೀನ ಚಿತ್ರಗಳ ವಿಭಾಗದಲ್ಲಿ ತೆರೆ ಕಂಡಿತು. ಪ್ರಭಾತದ ತುಕಾರಾಮ ಹೋದ ಊರಿಗೆ 87 ವರ್ಷಗಳ ಮೇಲೆ ಪ್ರಭಾತದ ಅಂಗಳದಲ್ಲಿ ಕಲಿತವನ ನಾಣಿ ಹೋದ. ಆ ಹೊತ್ತಿಗೆ ಕಥೆ ಬರೆದವರು ಇರಲಿಲ್ಲ. ಅನಂತಮೂರ್ತಿಯವರು 2014ರಲ್ಲಿ ಹೋದರು. ಕಾರಂತರು 2002ರಲ್ಲಿ, ರಾಮಚಂದ್ರರು 2011ರಲ್ಲಿ ಹೋಗಿದ್ದರು. ಉತ್ಸವ ಆಗಸ್ಟ್ ತಿಂಗಳ ಕೊನೆಗೆ ಆರಂಭವಾಯಿತು. ಹಣ ಹಾಕಿದ ಸದಾನಂದ ಸುವರ್ಣರು ಅದೇ ವರ್ಷ ಜುಲೈಯಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಮಂಗಳೂರಿನಲ್ಲಿ ತೀರಿಕೊಂಡಿದ್ದರು.